ಕೈಗಡಿಯಾರದ ಕಡಿತ: ತೊಗಲಿನ ಪಟ್ಟಿಯಿಂದ ಸ್ಮಾರ್ಟ್‌ವಾಚ್‌ವರೆಗೆ

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿಲು ಏರಿದಂತೆ ಸ್ಮಾರ್ಟ್‌ವಾಚ್ ಕಟ್ಟಿದ ಮಣಿಕಟ್ಟು ಕೆಂಪಾಗಿ ಕಡಿಯತೊಡಗುತ್ತದೆ. ಹಿಂಬದಿಯ ಹಸಿರು ದೀಪವೇ ಚರ್ಮ ಸುಡುತ್ತದೆ ಎಂದು ಹಲವರು ನಂಬಿದ್ದಾರೆ. ಆ ದೀಪಕ್ಕೆ ಅಷ್ಟು ಕಸುವಿಲ್ಲ.

ತೊಂದರೆ ಹಳೆಯದು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ತೊಗಲಿನ ಪಟ್ಟಿ ಬೆವರಿನಲ್ಲಿ ನೆನೆದರೆ ಕ್ರೋಮಿಯಂ ಬಿಡುತ್ತಿತ್ತು, ಬಕಲ್ ಮತ್ತು ಹಿಂಬದಿ ಮುಚ್ಚಳ ನಿಕಲ್ ಬಿಡುತ್ತಿದ್ದವು. ಯುರೋಪಿನಲ್ಲಿ ನಿಕಲ್ ಅಲರ್ಜಿ ಹೆಚ್ಚಿದಾಗ ಯುರೋಪಿಯನ್ ಒಕ್ಕೂಟದ 1994ರ ನಿರ್ದೇಶನವು ಚರ್ಮಕ್ಕೆ ಸದಾ ತಾಗುವ ವಸ್ತುಗಳು ಬಿಡುವ ನಿಕಲ್‌ಗೆ ಮಿತಿ ಹಾಕಿತು: ವಾರಕ್ಕೆ, ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂ.

ಸ್ಮಾರ್ಟ್ ಪಟ್ಟಿಗಳ ಕಾಲದಲ್ಲಿ ಇದು ದೊಡ್ಡ ಸುದ್ದಿಯಾದದ್ದು ಹೆಜ್ಜೆ ಎಣಿಸುವ ಫಿಟ್‌ಬಿಟ್ ಫೋರ್ಸ್ ಎಂಬ ಕೈಪಟ್ಟಿಯಿಂದ. 2013ರಲ್ಲಿ ಬಂದ ಅದನ್ನು 2014ರ ಆರಂಭದಲ್ಲೇ ಕಂಪನಿ ಹಿಂಪಡೆಯಿತು. ಅಮೆರಿಕದಲ್ಲಿ ಸುಮಾರು 10 ಲಕ್ಷ ಪಟ್ಟಿಗಳು, 9,900ರಷ್ಟು ದೂರುಗಳು. ಉಕ್ಕಿನಲ್ಲಿದ್ದ ನಿಕಲ್ ಜೊತೆಗೆ ಅಂಟಿನಲ್ಲಿ ಬಳಸುವ ಮೆಥಾಕ್ರಿಲೇಟ್ ಎಂಬ ರಾಸಾಯನಿಕದ ಹೆಸರೂ ಆಗ ಜನರ ಕಿವಿಗೆ ಬಿತ್ತು.

ಆದರೆ ನಮ್ಮ ಕಡೆ ಕಾಣುವ ಬಹುಪಾಲು ಕಡಿತ ಅಲರ್ಜಿಯಲ್ಲ. ನಾಡಿ ಎಣಿಸುವ ಸೆನ್ಸರ್ ಚರ್ಮಕ್ಕೆ ಅಂಟಿಕೊಂಡೇ ಇರಬೇಕು, ನಿದ್ದೆ ಅಳೆಯಲು ರಾತ್ರಿಯೂ ಕಟ್ಟಬೇಕು. ಹಳೆಯ ಗಡಿಯಾರಕ್ಕೆ ಇವೆರಡೂ ಇರಲಿಲ್ಲ. ಸಿಲಿಕೋನ್ ಪಟ್ಟಿಯಡಿ ಬೆವರು ಆರುವುದಿಲ್ಲ. ಸ್ನಾನದ ಸೋಪು ಉಳಿಯುತ್ತದೆ, ಮೆತ್ತಗಾದ ಚರ್ಮ ಉಜ್ಜಿ ಕೆರೆಯುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರಿಗೆ ಮೆಣಸಿನಕಾಯಿ ಧೂಳೂ ಸೇರುತ್ತದೆ. ಅವರು ಕೆಲಸದ ಹೊತ್ತಿನಲ್ಲಿ ವಾಚ್ ಬಿಚ್ಚಿಡುವುದೇ ಒಳ್ಳೆಯದು.

ಕಲೆಯ ಆಕಾರ ನೋಡಿ. ಬಕಲ್ ತಾಗುವಲ್ಲಿ ಮಾತ್ರ ಇದ್ದರೆ ನಿಕಲ್ ಮೇಲೆ ಅನುಮಾನ. ಪಟ್ಟಿಯ ಅಂಚು ದಾಟಿ ಹರಡಿ, ಕಟ್ಟಿದ ಒಂದೆರಡು ದಿನದ ಮೇಲೆ ನೀರುಗುಳ್ಳೆ ಎದ್ದರೆ ಅಲರ್ಜಿ ಇರಬಹುದು. ನಡುವೆ ತಿಳಿಯಾಗಿ, ಅಂಚು ಉಬ್ಬಿ ಹೊಟ್ಟು ಏಳುವ ಉಂಗುರವಾದರೆ ಅದು ಗಜಕರ್ಣ ಎಂಬ ಶಿಲೀಂಧ್ರ ಸೋಂಕು ಇರಬಹುದು. ಅದಕ್ಕೆ ಔಷಧದಂಗಡಿಯ ಸ್ಟೀರಾಯ್ಡ್ ಮಿಶ್ರಿತ ಮುಲಾಮು ಹಚ್ಚಿದರೆ ಮೊದಲು ಕಡಿತ ನಿಲ್ಲುತ್ತದೆ, ಒಳಗೊಳಗೇ ಸೋಂಕು ಹಬ್ಬುತ್ತದೆ. ವೈದ್ಯರ ಚೀಟಿ ಇಲ್ಲದೆ ಇಂಥ ಮುಲಾಮು ಕೊಡಬಾರದೆಂದು 2018ರಲ್ಲೇ ನಿಯಮ ಬಿಗಿಯಾಗಿದ್ದರೂ ಅದನ್ನು ಕೇಳಿ ಪಡೆಯುವ ರೂಢಿ ಹೋಗಿಲ್ಲ. ಇದು ನಿಜಕ್ಕೂ ಆತಂಕದ ಸಂಗತಿ.

ಬರೀ ಬೆವರಿನ ಕಡಿತವಾದರೆ ಚರ್ಮ ಪೂರ್ತಿ ವಾಸಿಯಾಗುವ ತನಕ ವಾಚ್ ಬೇಡ. ಆಮೇಲೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ವ್ಯಾಯಾಮಕ್ಕೆ ಬಿಗಿ ಮಾಡಿದರೆ ಮುಗಿದ ಕೂಡಲೇ ಬಿಚ್ಚಿ, ಕೈ, ಪಟ್ಟಿ ಎರಡನ್ನೂ ಬರೀ ನೀರಿನಲ್ಲಿ ತೊಳೆದು ಒಣಗಿಸಿ. ನೈಲಾನ್ ಬಟ್ಟೆಯ ಪಟ್ಟಿಗೆ ಗಾಳಿಯಾಡುತ್ತದೆ, ಒದ್ದೆಯಾದರೆ ಮಾತ್ರ ಬದಲಿಸಲೇಬೇಕು.

ಇಷ್ಟಾದರೂ ಮರುಕಳಿಸಿದರೆ ಚರ್ಮವೈದ್ಯರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿ. ಅನುಮಾನದ ರಾಸಾಯನಿಕಗಳಿರುವ ಸಣ್ಣ ಅಂಟುಪಟ್ಟಿಗಳನ್ನು ಬೆನ್ನಿಗೆ ಹಚ್ಚಿ 48 ಗಂಟೆ ನೀರು ತಾಗದಂತೆ ಬಿಟ್ಟು, ತೆಗೆದ ಮೇಲೆ ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಮೆಥಾಕ್ರಿಲೇಟ್ ಅಲರ್ಜಿ ಎಂದು ಬಂದರೆ ಹಲ್ಲಿನ ವೈದ್ಯರಿಗೂ ತಿಳಿಸಿ: ಹಲ್ಲು ತುಂಬುವ ರಾಳದಲ್ಲೂ ಅದೇ ಜಾತಿಯ ರಾಸಾಯನಿಕವಿರುತ್ತದೆ.