ಲೋಟ ಬೇರೆ, ತಟ್ಟೆ ಬೇರೆ: ಮುಟ್ಟಿದರೆ ಎಚ್‌ಐವಿ ಬರುತ್ತದೆಂಬ ಭಯ ಎಲ್ಲಿಂದ ಬಂತು?

ತಮಿಳುನಾಡಿನ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಯಾರಿಗಾದರೂ ಎಚ್‌ಐವಿ ಇದೆ ಅಂತ ಗೊತ್ತಾದರೆ ಸಾಮಾನ್ಯವಾಗಿ ದೊಡ್ಡ ಜಗಳ ಆಗುವುದಿಲ್ಲ. ಒಂದು ಲೋಟ, ಒಂದು ತಟ್ಟೆ ಸುಮ್ನೆ ಪಕ್ಕಕ್ಕೆ ಸರಿಯುತ್ತದೆ. ಬಟ್ಟೆ ಬೇರೆ ಬಕೆಟ್‌ಗೆ ಹೋಗುತ್ತದೆ. "ಮನೇಲಿ ಸಣ್ಣ ಮಕ್ಕಳಿವೆ ನೋಡಿ, ಯಾಕೆ ಬೇಕು" ಅನ್ನುತ್ತಾರೆ. ಹೀಗೆ ಅನ್ನುವವರು ಕೆಟ್ಟವರಲ್ಲ. ಎಷ್ಟೋ ಸಲ ಓದಿದವರೇ. ಆದರೆ ಲೋಟದಿಂದ ಎಚ್‌ಐವಿ ಬರುವುದಿಲ್ಲ ಅನ್ನುವುದು ಸಾಬೀತಾಗಿ ಹತ್ತಿರ ಹತ್ತಿರ 40 ವರ್ಷ ಆಗಿದೆ. ಭಯ ಮಾತ್ರ ಜಾಗ ಬಿಟ್ಟಿಲ್ಲ.

ಈ ಭಯ ಶುರುವಾಗಿದ್ದು ವೈದ್ಯರಿಗೇ ಏನೂ ಗೊತ್ತಿಲ್ಲದ ದಿನಗಳಲ್ಲಿ. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ಗಂಡಸರಿಗೆ ಬಂದ ಅಪರೂಪದ ನ್ಯುಮೋನಿಯಾ ಬಗ್ಗೆ ಮೊದಲ ವರದಿ ಬಂತು. ಆಮೇಲೆ ಏಡ್ಸ್ ಎಂದು ಹೆಸರಾದ ಕಾಯಿಲೆ ಅದೇ. ಅದನ್ನು ತರುವ ವೈರಸ್, ಅಂದರೆ ಎಚ್‌ಐವಿ, ಕೈಗೆ ಸಿಕ್ಕಿದ್ದು 1983ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ. ಅದೇ ವರ್ಷ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು, ಒಂದೇ ಮನೆಯಲ್ಲಿ ಬದುಕುವವರಿಗೂ ಇದು ಬರಬಹುದೇನೋ ಎಂಬ ಅನುಮಾನ ಪ್ರಕಟಿಸಿತು. ಜನರ ಬಾಯಿಗೆ ಬರುವಷ್ಟರಲ್ಲಿ ಆ 'ಏನೋ' ಬಿದ್ದುಹೋಗಿತ್ತು. 1985ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ರಯನ್ ವೈಟ್ ಎಂಬ ಹುಡುಗನನ್ನು ಶಾಲೆಗೇ ಸೇರಿಸಲಿಲ್ಲ. ಅವನಿಗೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಚಿಕಿತ್ಸೆಯ ರಕ್ತದ ಔಷಧದಿಂದ ಸೋಂಕು ತಗುಲಿತ್ತು.

ಅನುಮಾನ ಪರಿಹಾರವಾಗಲು ಬಹಳ ಕಾಲ ಬೇಕಾಗಲಿಲ್ಲ. 1986ರಲ್ಲಿ ನ್ಯೂಯಾರ್ಕ್‌ನ ವೈದ್ಯರು 39 ಏಡ್ಸ್ ರೋಗಿಗಳ ಜೊತೆ ಒಂದೇ ಮನೆಯಲ್ಲಿ ಬದುಕಿದ್ದ 101 ಜನರನ್ನು ಪರೀಕ್ಷಿಸಿದರು. ಗಂಡ, ಹೆಂಡತಿ, ಸಂಗಾತಿಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಳಿದವರು ತಟ್ಟೆ ಲೋಟ, ಬಚ್ಚಲು, ಹಾಸಿಗೆ ಹಂಚಿಕೊಂಡಿದ್ದರು. ಅಪ್ಪಿಕೊಂಡಿದ್ದರು, ಮುತ್ತು ಕೊಟ್ಟಿದ್ದರು. ಸೋಂಕು ಸಿಕ್ಕಿದ್ದು ಒಂದು ಮಗುವಿಗೆ ಮಾತ್ರ. ಅದೂ ಹುಟ್ಟುವ ಹೊತ್ತಿಗೇ ತಾಯಿಯಿಂದ ಬಂದಿರಬೇಕು ಎಂದು ವೈದ್ಯರು ತೀರ್ಮಾನಿಸಿದರು. ಸ್ಟೀಲ್ ಲೋಟದ ಪ್ರಶ್ನೆಗೆ ಉತ್ತರ ಅಲ್ಲಿಗೇ ಸಿಕ್ಕಿತ್ತು.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದೂ ಅದೇ 1986ರಲ್ಲಿ, ಮದ್ರಾಸಿನಲ್ಲಿ. ಸೂಕ್ಷ್ಮಜೀವಿ ತಜ್ಞೆ ಡಾ. ಸುನೀತಿ ಸೊಲೊಮನ್ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದರು. ಇಡಲು ಜಾಗ ಇರಲಿಲ್ಲ. ಮನೆಯ ಫ್ರಿಜ್‌ನಲ್ಲೇ ಇಟ್ಟುಕೊಂಡರು! ಆಮೇಲೆ ಐಸ್ ಡಬ್ಬಿಯಲ್ಲಿ ತುಂಬಿಕೊಂಡು ಗಂಡನ ಜೊತೆ ರಾತ್ರಿ ರೈಲು ಹತ್ತಿ ವೇಲೂರಿನ ಸಿಎಂಸಿ ಆಸ್ಪತ್ರೆಗೆ ಹೋದರು. ಆರು ಮಾದರಿಗಳಲ್ಲಿ ವೈರಸ್ಸಿನ ಗುರುತು ಸಿಕ್ಕಿತು. ಹೊಸೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಅದೇ ವೇಲೂರು.

ವಿಜ್ಞಾನ ಇಷ್ಟು ಧೈರ್ಯವಾಗಿ ನಡೆದರೂ ಸರ್ಕಾರಗಳು ಹೆದರಿದವು. 1989ರಲ್ಲಿ ಗೋವಾದಲ್ಲಿ ರಕ್ತದಾನಿ ಡೊಮಿನಿಕ್ ಡಿಸೋಜಾ ಅವರನ್ನು ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ 64 ದಿನ ಕೂಡಿಹಾಕಿದರು. ಸರ್ಕಾರವೇ ಕೂಡಿಹಾಕಿದ ಮೇಲೆ ಮನೆಯವರು ಲೋಟ ಬೇರೆ ಇಟ್ಟರೆ ಯಾರನ್ನು ಬೈಯುವುದು?

ಆಮೇಲೆ ಪ್ರಚಾರದ ಕಾಲ ಬಂತು. ತಲೆಬುರುಡೆ, ಮೂಳೆ, 'ಮಾರಕ ರೋಗ' ಎಂಬ ಕೆಂಪು ಅಕ್ಷರ. ತಮಿಳುನಾಡಿನಲ್ಲಿ 1994ರಲ್ಲೇ ಏಡ್ಸ್ ನಿಯಂತ್ರಣ ಸೊಸೈಟಿ ಶುರುವಾಗಿತ್ತು. ಆ ವಿಷಯದಲ್ಲಿ ಈ ರಾಜ್ಯ ಬೇರೆಯವರಿಗಿಂತ ಮುಂದೆ. 2003ರ ಸುಮಾರಿಗೆ ಬಂದ 'ಪುಳ್ಳಿರಾಜನಿಗೆ ಏಡ್ಸ್ ಬರುತ್ತಾ?' ಎಂಬ ತಮಿಳು ಜಾಹೀರಾತು ಫಲಕ (ಪುಳ್ಳಿರಾಜ ಬರೀ ಕಲ್ಪನೆಯ ಪಾತ್ರ) ಆ ಕಾಲದವರಿಗೆ ಇನ್ನೂ ನೆನಪಿರಬೇಕು. ಜನ ನಕ್ಕರು, ಮಾತಾಡಿಕೊಂಡರು. ಕಾಂಡೋಮ್ ವಿಷಯ ಬಾಯಿಗೆ ಬಂತು, ಅದು ಒಳ್ಳೆಯದೇ. ಆದರೆ ಹೇಗೆ ಬರುತ್ತದೆ ಎಂದು ಹೇಳಿದಷ್ಟು ಜೋರಾಗಿ ಹೇಗೆ ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ ಅಂತ ನನಗನಿಸುತ್ತದೆ. ಹೊಸೂರು, ಕೃಷ್ಣಗಿರಿ ಮೇಲೆ ಹಾದುಹೋಗುವ ಹೆದ್ದಾರಿಯ ಲಾರಿ ಡ್ರೈವರ್‌ಗಳ ಮೇಲೆ ಸುಮ್ನೆ ಒಂದು ಗುಮಾನಿಯೂ ಉಳಿಯಿತು. 2007ರಲ್ಲಿ ಹೊಸ ಸಮೀಕ್ಷೆ ಬಂದಾಗ ದೇಶದ ಸೋಂಕಿತರ ಅಂದಾಜು 50 ಲಕ್ಷಕ್ಕೂ ಮೇಲಿದ್ದದ್ದು ಸುಮಾರು 25 ಲಕ್ಷಕ್ಕೆ ಇಳಿಯಿತು. ಆ ಸುದ್ದಿ ತಲೆಬುರುಡೆಯಷ್ಟು ದೂರ ಹೋಗಲಿಲ್ಲ.

ಭಯವನ್ನು ಇನ್ನೂ ಗಟ್ಟಿ ಮಾಡಿದ್ದು ಕೆಲವು ಆಸ್ಪತ್ರೆಗಳೇ. ಮಾತಾಡಿಸಲೂ ಎರಡು ಜೊತೆ ಗ್ಲೌಸ್, ಮಂಚಕ್ಕೆ ಬೇರೆ ಗುರುತು. ಇದನ್ನು ನೋಡಿದ ನೆಂಟರು ಮನೆಗೆ ಹೋಗಿ ಏನು ಮಾಡಬೇಕು ಹೇಳಿ? ನಿಯಮ ಹೇಳುವುದು ಬೇರೆ: ಯಾರ ರಕ್ತವಾದರೂ ಒಂದೇ ರೀತಿ ಎಚ್ಚರಿಕೆ ವಹಿಸಿ. ಸೋಂಕಿತರಿಗೆ ಬಳಸಿದ ಸೂಜಿ ನರ್ಸ್‌ಗೆ ಚುಚ್ಚಿಕೊಂಡರೂ ಸೋಂಕು ಬರುವ ಸಾಧ್ಯತೆ 1,000ಕ್ಕೆ ಸುಮಾರು 3. ಅದನ್ನೂ ತಡೆಯಲು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗುವ ಮಾತ್ರೆ ಇದೆ. ರಕ್ತದ ಸೂಜಿಯದೇ ಈ ಲೆಕ್ಕ ಆದರೆ, ಕಾಫಿ ಕುಡಿದಿಟ್ಟ ಲೋಟದ ಲೆಕ್ಕ ಕೇಳುವುದೇ ಬೇಡ, ಅಲ್ವಾ?

ಇನ್ನೊಂದು ಮಾತು ಹೇಳಲೇಬೇಕು, ಯಾರಿಗಾದರೂ ಬೇಸರ ಆದರೂ ಸರಿ. ಈ ಕಡೆಯ ಟೀ ಅಂಗಡಿಗಳಲ್ಲಿ ಜಾತಿ ನೋಡಿ ಬೇರೆ ಲೋಟ ಕೊಡುವ ಎರಡು ಲೋಟದ ಪದ್ಧತಿ ಇತ್ತು. ತಮಿಳುನಾಡಿನ ಹಲವು ಜಿಲ್ಲೆಗಳಲ್ಲಿ ಇದು ದಾಖಲಾಗಿದೆ. ಯಾರನ್ನು ದೂರ ಇಡಬೇಕೋ ಅವರ ಲೋಟ ಮೊದಲು ಬೇರೆ ಮಾಡುವುದು ನಮಗೆ ಎಚ್‌ಐವಿ ಬರುವ ಮೊದಲೇ ಗೊತ್ತಿತ್ತು. ಹೊಸ ಕಾಯಿಲೆಗೆ ಹಳೆಯ ಅಭ್ಯಾಸ ಸಿಕ್ಕಿತು ಅಷ್ಟೆ. ಅದಕ್ಕೇ ಎಷ್ಟು ಪಾಠ ಹೇಳಿದರೂ ಲೋಟದ ಭಯ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದರಲ್ಲಿ ಸೋಂಕಿನ ಹೆದರಿಕೆಗಿಂತ ಮರ್ಯಾದೆಯ ಲೆಕ್ಕವೇ ಜಾಸ್ತಿ.

ಹಾಗಂತ ನಿಜವಾದ ಅನುಮಾನಗಳೂ ಇವೆ, ಅವಕ್ಕೆ ಉತ್ತರ ಕೊಡಬೇಕು. ಸೊಳ್ಳೆಯದು ಮೊದಲನೆಯದು. ಮಲೇರಿಯಾ ತರುವ ಸೊಳ್ಳೆ ಇದನ್ನು ಯಾಕೆ ತರುವುದಿಲ್ಲ? ಮಲೇರಿಯಾ ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಅದರ ಎಂಜಲಿಗೆ ಬರುತ್ತದೆ. ಎಚ್‌ಐವಿ ಬೆಳೆಯಲು ಮನುಷ್ಯನ ಸಿಡಿ4 ಎಂಬ ರಕ್ತಕಣ ಬೇಕು. ಸೊಳ್ಳೆಯಲ್ಲಿ ಅದಿಲ್ಲ. ಕುಡಿದ ರಕ್ತದ ಜೊತೆ ವೈರಸ್ಸೂ ಜೀರ್ಣವಾಗಿ ಹೋಗುತ್ತದೆ. ಕಚ್ಚುವಾಗ ಸೊಳ್ಳೆ ಒಳಗೆ ಬಿಡುವುದು ತನ್ನ ಎಂಜಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಕೆಮ್ಮು, ಬೆವರು, ಕಣ್ಣೀರು, ಈಜುಕೊಳ, ಕಕ್ಕಸು, ಇವುಗಳಿಂದಲೂ ಬರುವುದಿಲ್ಲ. ದೇಹದಿಂದ ಹೊರಬಿದ್ದ ವೈರಸ್ ಒಣಗುತ್ತಲೇ ಶಕ್ತಿ ಕಳೆದುಕೊಳ್ಳುತ್ತದೆ.

ಕ್ಷೌರದಂಗಡಿಯ ಬ್ಲೇಡ್ ವಿಷಯ ಬೇರೆ. ಅಲ್ಲಿ ಎಚ್‌ಐವಿ ತಗುಲುವ ಸಾಧ್ಯತೆ ತೀರಾ ಕಡಿಮೆ. ಆದರೂ ಹೊಸ ಬ್ಲೇಡ್ ಕೇಳಿ. ಕಾರಣ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು. ಆ ವೈರಸ್ ಹೊರಗೆ ಒಂದು ವಾರದವರೆಗೂ ಜೀವ ಹಿಡಿದಿರಬಲ್ಲದು. ಅದಕ್ಕೆ ಲಸಿಕೆಯೂ ಇದೆ. ವಿಚಿತ್ರ ನೋಡಿ, ಅದರ ಹೆಸರು ಹೇಳಿ ಯಾರೂ ಲೋಟ ಬೇರೆ ಇಡುವುದಿಲ್ಲ.

ಎಚ್‌ಐವಿ ಬರುವ ದಾರಿ ಕೆಲವೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ, ಗರ್ಭ, ಹೆರಿಗೆ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಈ ದಾರಿಗಳಿಗೂ ಈಗ ಅಡ್ಡಗಟ್ಟೆ ಇದೆ. 2004ರ ಏಪ್ರಿಲ್ 1ರಂದು ದೇಶದಲ್ಲಿ ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತವಾಗಿ ಕೊಡುವುದು ಶುರುವಾಯಿತು. ಮೊದಲ ಎಂಟು ಆಸ್ಪತ್ರೆಗಳಲ್ಲಿ ಚೆನ್ನೈ ಹತ್ತಿರದ ತಾಂಬರಂ ಕೂಡ ಒಂದು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಮಾತ್ರೆ ಕೊಡುತ್ತಾರೆ. ತಪ್ಪದೆ ನುಂಗಿದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಯುರೋಪಿನಲ್ಲಿ ಒಬ್ಬರಿಗೆ ಸೋಂಕು ಇದ್ದು ಹೀಗೆ ಮಾತ್ರೆಯಿಂದ ಹತೋಟಿಗೆ ಬಂದ, ಇನ್ನೊಬ್ಬರಿಗೆ ಸೋಂಕು ಇಲ್ಲದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಕಾಂಡೋಮ್ ಇಲ್ಲದೆಯೂ ಸಂಗಾತಿಯಿಂದ ಸಂಗಾತಿಗೆ ಹರಡಿದ್ದು ಸೊನ್ನೆ. ಅದರ ಕೊನೆಯ ಫಲಿತಾಂಶ 2019ರಲ್ಲಿ ಬಂತು. ಗಂಡ ಹೆಂಡತಿ ನಡುವೆಯೇ ಹರಡದ ವೈರಸ್ ಅತ್ತೆಯ ಊಟದ ತಟ್ಟೆಗೆ ಎಲ್ಲಿಂದ ಬರಬೇಕು?

ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳಿವಳಿಕೆ ಇದ್ದವರು ದೇಶದ ಮಹಿಳೆಯರಲ್ಲಿ ಶೇ. 21.6, ಗಂಡಸರಲ್ಲಿ ಶೇ. 30.7 ಮಾತ್ರ. ಕಾನೂನು ಮಾತ್ರ ಮುಂದೆ ಹೋಗಿದೆ. 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ತಪ್ಪಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ. ಊರಿನ ಸೆಂಟರ್‌ನಲ್ಲಿ ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿ ದೂರದ ಊರಿಗೆ ಮಾತ್ರೆಗೆ ಹೋಗುವವರು ಈ ಮಾತು ತಿಳಿದಿರಬೇಕು. ಪರೀಕ್ಷೆ ಸರ್ಕಾರಿ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ) ಕೇಂದ್ರಗಳಲ್ಲಿ ಉಚಿತ. ಅನುಮಾನ ಇದ್ದರೆ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಹೋಗುವುದಿಲ್ಲ.