ಸಂತೆಮನೆಗೆ ಕೆಳಗಡೆ ಗೋಡೆ ಯಾಕಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳ ಫೋಟೊಗಳಲ್ಲಿ ಬರೀ ಕಂಬಗಳ ಮೇಲೆ ನಿಂತ ಹಳೆಯ ಮರದ ಕಟ್ಟಡ ಕಾಣುತ್ತದೆ. ಕೆಳಗೆ ಗೋಡೆಯೇ ಇಲ್ಲ. ಕೆಲಸ ಅರ್ಧಕ್ಕೆ ನಿಂತಿತೇ?

ಉತ್ತರ: ಇಲ್ಲ, ಅದು ಸಂತೆಮನೆ. ಆ ಖಾಲಿ ಜಾಗಕ್ಕಾಗಿಯೇ ಅದನ್ನು ಕಟ್ಟಿದ್ದು. ಬೆಣ್ಣೆ, ಮೊಟ್ಟೆ, ಕೋಳಿ ಮಾರುವವರಿಗೆ ಮಳೆ ತಾಗಬಾರದು, ಆದರೆ ಬೆಳಕು ಬೇಕು. ಕೊಳ್ಳುವವರು ಯಾವ ಕಡೆಯಿಂದಲೂ ಬಂದು ಮಾಲು ನೋಡುವಂತಿರಬೇಕು. ಎಲ್ಲರೆದುರು ನಡೆದ ವ್ಯಾಪಾರಕ್ಕೆ ಅಲ್ಲಿನ ಕಾನೂನಿನಲ್ಲೂ ತೂಕವಿತ್ತು. ತೆರೆದ ಸಂತೆಯಲ್ಲಿ ಹಗಲು ಹೊತ್ತು, ಮೋಸವಿಲ್ಲದೆ ಕೊಂಡ ವಸ್ತು ಕಳ್ಳಮಾಲೆಂದು ಆಮೇಲೆ ತಿಳಿದರೂ ಸಾಮಾನ್ಯವಾಗಿ ಕೊಂಡವರಿಗೇ ಉಳಿಯುತ್ತಿತ್ತು. ಈ ನಿಯಮ ರದ್ದಾಗಿದ್ದು 1994ರ ಕಾನೂನಿನಿಂದ!

ಮೇಲಂತಸ್ತು ಊರಿನ ಆಡಳಿತಕ್ಕೆ, ಸಭೆಗೆ.

ನನಗೆ ಜಾಸ್ತಿ ಇಷ್ಟವಾಗುವುದು ಇದರ ಮರಗೆಲಸ. ಗೋಡೆಯಿಲ್ಲದಿದ್ದರೆ ಕಟ್ಟಡ ಗಾಳಿಗೆ ಒಂದು ಪಕ್ಕಕ್ಕೆ ವಾಲಬೇಕು, ಅಲ್ವಾ? ಹಾಗಾಗದಂತೆ ತಡೆಯುವುದು ಕಂಬದಿಂದ ತೊಲೆಗೆ ಓರೆಯಾಗಿ ಕೊಟ್ಟ ಊರೆಮರಗಳು. ಕಂಬ, ತೊಲೆ, ಊರೆಮರ ಸೇರಿ ತ್ರಿಕೋನವಾಗುತ್ತದೆ. ತ್ರಿಕೋನ ಸುಲಭಕ್ಕೆ ಆಕಾರ ಬಿಡುವುದಿಲ್ಲ. ವೇಲ್ಸ್ ಗಡಿಯ ಹತ್ತಿರ, ಹೆರಿಫರ್ಡ್‌ಷೈರ್‌ನ ಪೆಂಬ್ರಿಜ್ ಹಳ್ಳಿಯಲ್ಲಿ ಎಂಟು ಓಕ್ ಕಂಬಗಳ ಸಂತೆಮನೆ ಇದೆ. 16ನೇ ಶತಮಾನದ ಮೊದಲ ಭಾಗದ್ದು. ಅದರ ಮೇಲಂತಸ್ತು ಎಂದೋ ಹೋಯಿತು. ಕಂಬಗಳು ಮಾತ್ರ ಚಾವಣಿ ಹೊತ್ತು ಇಂದಿಗೂ ನಿಂತಿವೆ.

ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಒಂದು ಮರದಲ್ಲಿ ಚೌಕದ ತೂತು, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ಎರಡಕ್ಕೂ ಅಡ್ಡಲಾಗಿ ಮರದ ಗೂಟ. ಎಲ್ಲವನ್ನೂ ಮೊದಲು ನೆಲದ ಮೇಲೆ ಜೋಡಿಸಿ ನೋಡುತ್ತಿದ್ದರು. ಯಾವ ತುಂಡು ಎಲ್ಲಿಗೆ ಎಂದು ತಿಳಿಯಲು ರೋಮನ್ ಅಂಕಿಯಂಥ ಗುರುತು ಕೊರೆದು, ಆಮೇಲೆ ಬಿಚ್ಚಿ ಸಂತೆ ಜಾಗಕ್ಕೆ ಒಯ್ದು ಎತ್ತಿ ನಿಲ್ಲಿಸುತ್ತಿದ್ದರು.

ಬಿಚ್ಚಿ ಜೋಡಿಸುವ ಈ ಗುಣವೇ ಹ್ಯಾಂಪ್‌ಷೈರ್‌ನ ಟಿಚ್‌ಫೀಲ್ಡ್ ಹಳ್ಳಿಯ 17ನೇ ಶತಮಾನದ ಸಂತೆಮನೆಯನ್ನು ಉಳಿಸಿತು. ಪಾಳು ಬೀಳುತ್ತಿದ್ದ ಅದನ್ನು ಕಳೆದ ಶತಮಾನದಲ್ಲಿ ಬಿಚ್ಚಿ, ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕೆಳಗೆ ತೆರೆದ ಸಂತೆ ಜಾಗ, ಮೇಲೆ ಸಭೆಯ ಕೋಣೆ, ಜೊತೆಗೆ ಸಿಕ್ಕಿಬಿದ್ದವರನ್ನು ಕೂಡಿಹಾಕಲು ಒಂದು ಪುಟ್ಟ ಸೆರೆ. ಅಲ್ಲಿಗೆ ಹೋದರೆ ಕಂಬಗಳ ಮಧ್ಯೆ ನಿಂತು ತಲೆಯೆತ್ತಿ ನೋಡಿ. ಊರೆಮರ ತೊಲೆಗೆ ಕೂಡುವ ಕಡೆ ಗೂಟದ ತಲೆಗಳನ್ನು ಹುಡುಕಿ.