ವರ್ಕ್-ಸ್ಟಡಿ ಹಣವನ್ನು ಫೀಸಿನಲ್ಲಿ ಕಳೆಯಬೇಡಿ

ಅಮೆರಿಕದ ಕಾಲೇಜುಗಳು ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಹಣಕಾಸು ನೆರವಿನ ಪತ್ರ ಕಳಿಸುತ್ತವೆ. ಸೀಟು ಸಿಕ್ಕ ಖುಷಿಯಲ್ಲಿ ಅಪ್ಪ ಅಮ್ಮನ ಕಣ್ಣು ನೇರವಾಗಿ ಒಟ್ಟು ಮೊತ್ತಕ್ಕೆ ಹೋಗುತ್ತದೆ. ಆದರೆ ಆ ಒಟ್ಟಿನಲ್ಲಿ ಮೂರು ಬೇರೆ ಬೇರೆ ಜಾತಿಯ ದುಡ್ಡು ಸೇರಿರುತ್ತದೆ. ಗ್ರ್ಯಾಂಟ್ ವಾಪಸ್ ಕೊಡಬೇಕಿಲ್ಲದ್ದು. ಲೋನ್ ಏನೆಂದು ಯಾರಿಗೂ ಹೇಳಬೇಕಿಲ್ಲ. ಮೂರನೆಯದು ಫೆಡರಲ್ ವರ್ಕ್-ಸ್ಟಡಿ, ಅಂದರೆ ಓದುತ್ತಲೇ ದುಡಿದು ಸಂಪಾದಿಸಲು ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಯೋಜನೆ. ನಾನು ಕೆಲಸ ಮಾಡುವ ಕಾಲೇಜಿನ ನೆರವು ವಿಭಾಗಕ್ಕೆ ಆಗಸ್ಟ್‌ನಲ್ಲಿ ಬರುವ ಗಾಬರಿಯ ಫೋನುಗಳಲ್ಲಿ ಜಾಸ್ತಿ ಇದರದ್ದೇ.

ಒಬ್ಬ ತಂದೆಯ ಲೆಕ್ಕ ಹೀಗಿತ್ತು. ವರ್ಷಕ್ಕೆ ಫೀಸು, ಹಾಸ್ಟೆಲು, ಊಟ ಸೇರಿ 28,000 ಡಾಲರ್. ಗ್ರ್ಯಾಂಟ್ 9,000. ಮೊದಲ ವರ್ಷದ ಫೆಡರಲ್ ಸಾಲ 5,500. ವರ್ಕ್-ಸ್ಟಡಿ 3,000. 'ಎಲ್ಲಾ ಕಳೆದರೆ 10,500 ಉಳಿಯುತ್ತೆ, ಸೆಮಿಸ್ಟರ್‌ಗೆ 5,250. ನಿಮ್ಮ ಬಿಲ್ಲಿನಲ್ಲಿ 6,750 ಅಂತ ಇದೆಯಲ್ಲ ಮೇಡಂ, 1,500 ಜಾಸ್ತಿ ಹೇಗಾಯ್ತು?' ಸಾಲ ಕೊಡುವಾಗ ಕತ್ತರಿಸುವ ಸಣ್ಣ ಶುಲ್ಕವನ್ನು ಬಿಟ್ಟರೆ ಅವರ ಕೂಡು-ಕಳೆಯುವ ಲೆಕ್ಕ ಸರಿಯಾಗೇ ಇತ್ತು. ಆ 1,500 ಮಾತ್ರ ಇನ್ನೂ ಹುಟ್ಟಿರಲಿಲ್ಲ. ಮಗಳು ಕೆಲಸ ಹುಡುಕಿ, ದುಡಿದ ಮೇಲೆ ಸಂಬಳವಾಗಿ ಅವಳ ಕೈಗೆ ಬರುವ ಹಣ ಅದು. ಆಗಸ್ಟ್‌ನ ಬಿಲ್ಲಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಪತ್ರದಲ್ಲಿ ಬರೆದಿರುವ 3,000 ಎಂದರೆ 'ಇಷ್ಟರವರೆಗೆ ಸಂಪಾದಿಸಬಹುದು' ಎಂಬ ಮಿತಿ, ಅಷ್ಟೇ. ಗಂಟೆಗೆ 12.50 ಡಾಲರ್ ಸಿಕ್ಕರೆ 240 ಗಂಟೆ ದುಡಿಯಬೇಕು. ಮೂವತ್ತು ವಾರಕ್ಕೆ ಹಂಚಿದರೆ ವಾರಕ್ಕೆ 8 ಗಂಟೆ. ಅಕ್ಟೋಬರ್‌ವರೆಗೆ ಕೆಲಸವೇ ಹುಡುಕದಿದ್ದರೆ, ಪರೀಕ್ಷೆ ವಾರದಲ್ಲಿ ರಜೆ ಹಾಕಿದರೆ, ಪೂರ್ತಿ 3,000 ಆಗುವುದೇ ಇಲ್ಲ. ದುಡಿಯದೇ ಉಳಿದದ್ದನ್ನು ಯಾರೂ ನಗದು ಮಾಡಿ ಕೊಡುವುದಿಲ್ಲ.

ಹಾಗಾದರೆ ಹೊರಗೆ ಯಾವುದೋ ಅಂಗಡಿಯಲ್ಲಿ ಕೆಲಸ ಮಾಡಿದರೂ ಅಷ್ಟೇ ಅಲ್ವಾ? ಅಲ್ಲ. ವರ್ಕ್-ಸ್ಟಡಿ ಹುಡುಗರ ಸಂಬಳದ ದೊಡ್ಡ ಪಾಲು, ಸಾಮಾನ್ಯವಾಗಿ ಮುಕ್ಕಾಲು ಭಾಗದವರೆಗೆ, ಕೇಂದ್ರ ಸರ್ಕಾರದ ಹಣದಿಂದ ಬರುತ್ತದೆ. ಹೀಗಾಗಿ ಲೈಬ್ರರಿಗೋ ಕಂಪ್ಯೂಟರ್ ಹೆಲ್ಪ್ ಡೆಸ್ಕಿಗೋ ಅವರು ಅಗ್ಗಕ್ಕೆ ಸಿಗುತ್ತಾರೆ. ಎಷ್ಟೋ ಜಾಹೀರಾತುಗಳಲ್ಲಿ 'ವರ್ಕ್-ಸ್ಟಡಿ ಇದ್ದವರಿಗೆ ಮಾತ್ರ' ಎಂದೇ ಇರುತ್ತದೆ. ಕೆಲವು ಕಾಲೇಜುಗಳು ಕೆಲಸವನ್ನೂ ತಾವೇ ಹಂಚುತ್ತವೆ. ಉಳಿದ ಕಡೆ ಅರ್ಜಿ, ಸಂದರ್ಶನ ಎಲ್ಲಾ ಉಂಟು. ಕ್ಲಾಸಿನ ಹೊತ್ತಿನಲ್ಲಿ ದುಡಿಸಿಕೊಳ್ಳುವಂತಿಲ್ಲ ಎಂಬ ನಿಯಮವೂ ಇದೆ.

ಯಾರೂ ಕೇಳದ, ಆದರೆ ನನ್ನ ಪ್ರಕಾರ ದೊಡ್ಡ ಲಾಭ ಇನ್ನೊಂದಿದೆ. ವಿದ್ಯಾರ್ಥಿಯ ಆದಾಯ ಒಂದು ಮಿತಿ ದಾಟಿದರೆ, ದಾಟಿದ ಭಾಗದ ಅರ್ಧವನ್ನು 'ಓದಿಗೆ ಕೊಡಬಲ್ಲ ಹಣ' ಎಂದು ನೆರವಿನ ಸೂತ್ರ ಹಿಡಿಯುತ್ತದೆ, ಅದರಿಂದ ಮುಂದೆ ನೆರವು ಕಡಿಮೆಯಾಗಬಹುದು. ಆ ಲೆಕ್ಕದಲ್ಲಿ ವರ್ಕ್-ಸ್ಟಡಿ ಸಂಬಳವನ್ನು ಹೊರಗಿಡುತ್ತಾರೆ. ಅಂಗಡಿಯ ಸಂಬಳಕ್ಕೆ ಆ ರಿಯಾಯಿತಿ ಇಲ್ಲ. ಆದಾಯ ತೆರಿಗೆ ಎರಡಕ್ಕೂ ಇದೆ, ಅದು ಬೇರೆ ಮಾತು.

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದಾಗ ಬಂದ ಕಾಯ್ದೆಯಲ್ಲಿ ಹುಟ್ಟಿದ ಯೋಜನೆ ಇದು. ಅದಕ್ಕೇ ಇಂದಿಗೂ ಮನೆಯ ಆದಾಯ ನೋಡಿಯೇ ಕೊಡುತ್ತಾರೆ. ಫೆಡರಲ್ ನೆರವಿಗಾಗಿ ಇರುವ ಫಾಫ್ಸಾ (FAFSA) ಎಂಬ ಅರ್ಜಿ ತುಂಬಲೇಬೇಕು. ಪ್ರತಿ ಕಾಲೇಜಿಗೂ ವರ್ಷಕ್ಕೆ ಇಷ್ಟೇ ಎಂದು ಹಣ ಬರುತ್ತದೆ, ಮುಗಿದರೆ ಮುಗಿಯಿತು. ತಡವಾಗಿ ಅರ್ಜಿ ಹಾಕಿದ ಅರ್ಹರೂ ಬರಿಗೈಲಿ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ.

ನಮ್ಮ ಕನ್ನಡದ ಮನೆಗಳಿಗೆ ಬೇಕಾದ ವಿಷಯ ಇನ್ನೊಂದು. ಈ ಯೋಜನೆ ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ನಿರಾಶ್ರಿತರಂಥ ಕೆಲವರಿಗೆ ಮಾತ್ರ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಇದು ಸಿಗುವುದಿಲ್ಲ. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಕ್ಯಾಂಪಸ್ಸಿನಲ್ಲಿ ದುಡಿಯಲು ಅವರಿಗೆ ಅವಕಾಶವಿದೆ, ಆದರೆ ಅದು ಕಾಲೇಜಿನ ಸ್ವಂತ ದುಡ್ಡಿನ ಕೆಲಸ. ಎಲ್ಲಕ್ಕಿಂತ ಕಷ್ಟ ಎಚ್-4 ಮಕ್ಕಳದ್ದು, ಅಂದರೆ ಕೆಲಸದ ವೀಸಾದಲ್ಲಿರುವ ಅಪ್ಪ ಅಮ್ಮನ ಅವಲಂಬಿತರಾಗಿ ಇಲ್ಲಿರುವ ಮಕ್ಕಳದ್ದು. ಅಪ್ಪನೋ ಅಮ್ಮನೋ ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುತ್ತಾರೆ. ಮಗು ಒಂದನೇ ಕ್ಲಾಸಿನಿಂದ ಇಲ್ಲೇ ಓದಿರುತ್ತದೆ. ಆದರೂ ಫೆಡರಲ್ ನೆರವಿಲ್ಲ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಸಂಬಳ ಪಡೆಯುವಂತೆಯೂ ಇಲ್ಲ. ಎಫ್-1ಗೆ ಬದಲಾಯಿಸಿಕೊಂಡರೆ ಕ್ಯಾಂಪಸ್ ಕೆಲಸಕ್ಕೆ ದಾರಿಯಾಗುತ್ತದೆ, ವರ್ಕ್-ಸ್ಟಡಿ ಮಾತ್ರ ಆಗಲೂ ಇಲ್ಲ. ಆ ಮನೆಯವರಿಗೆ ಇದನ್ನು ಹೇಳುವುದು ನನಗೆ ಇಂದಿಗೂ ಸುಲಭವಾಗಿಲ್ಲ.

'ನಮ್ಮ ಹುಡುಗಿ ಡೈನಿಂಗ್ ಹಾಲಿನಲ್ಲಿ ತಟ್ಟೆ ಎತ್ತಬೇಕಾ?' ಎಂದು ಮುಖ ಸಣ್ಣ ಮಾಡುವ ಅಮ್ಮಂದಿರೂ ಸಿಗುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಉಂಡು ಓದಿದವರು ಎಷ್ಟು ಜನ! ಇಲ್ಲಿ ಪಕ್ಕದ ರೂಮಿನ ಡಾಕ್ಟರ ಮಗನೂ ಅದೇ ಏಪ್ರನ್ ಕಟ್ಟಿಕೊಂಡು ನಿಂತಿರುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ. ನನ್ನ ಸಲಹೆ ಬೇರೆ. ಮಗು ಎಂಜಿನಿಯರಿಂಗ್‌ನಂಥ ಭಾರದ ಕೋರ್ಸು ತೆಗೆದುಕೊಂಡಿದ್ದರೆ ಮೊದಲ ಸೆಮಿಸ್ಟರ್ ವಾರಕ್ಕೆ ಆರೆಂಟು ಗಂಟೆಗಿಂತ ಜಾಸ್ತಿ ಬೇಡ. ಪಾಠ ಹೇಳಿಕೊಡುವ ಕೆಲಸ ಸಿಕ್ಕರೆ ಬಿಡಬೇಡಿ. ಪ್ರತಿ ಕಾಲೇಜೂ ಈ ಹಣದಲ್ಲಿ ಕನಿಷ್ಠ 7% ಸಮುದಾಯ ಸೇವೆಯ ಕೆಲಸಗಳಿಗೆ ಇಡಬೇಕು. ಹತ್ತಿರದ ಶಾಲೆಯ ಮಕ್ಕಳಿಗೆ ಓದು ಕಲಿಸುವುದೂ ಅದರಲ್ಲಿ ಬರುತ್ತದೆ.

ಮತ್ತೆ, ಹೊರಡುವಾಗ ಮೂಲ ದಾಖಲೆ ಮಗುವಿನ ಕೈಗೆ ಕೊಟ್ಟು ಕಳಿಸಿ. ಕೆಲಸಕ್ಕೆ ಸೇರುವಾಗ, ಇಲ್ಲಿ ದುಡಿಯುವ ಹಕ್ಕಿದೆ ಎಂದು ತೋರಿಸುವ ಐ-9 ಎಂಬ ಫಾರ್ಮ್ ತುಂಬಬೇಕು. ಅದಕ್ಕೆ ಅಮೆರಿಕನ್ ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್ ಒಂದೇ ಸಾಕು. ಅದಿಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ನಡೆಯುತ್ತದೆ. ಫೋನಿನಲ್ಲಿರುವ ಫೋಟೋ, ಜೆರಾಕ್ಸ್ ಯಾವುದೂ ಆಗುವುದಿಲ್ಲ. 'ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿದೆ' ಎನ್ನುವ ಮಕ್ಕಳು ಅದು ಕೊರಿಯರ್‌ನಲ್ಲಿ ಬರುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಲೈಬ್ರರಿಯ ಒಳ್ಳೊಳ್ಳೆ ಪಾಳಿಗಳು ಬೇರೆಯವರ ಪಾಲಾಗಿರುತ್ತವೆ.